ಪಶ್ಚಿಮಕ್ಕೆ ಹೊರಟ ನೀರಿನ ಟ್ಯಾಂಕು

ಲಿಫ್ಟಣ್ಣ ಬಿ.ಎ. ಪಾಸಾಗಿರಲಿಲ್ಲ. ಈ ಸಂಗತಿ ಲೋಕದಲ್ಲಿ ಗೊತ್ತಿದ್ದದ್ದು ಇಬ್ಬರಿಗೇ: ಅವನಿಗೆ, ಮತ್ತು ಅವನ ಕಾಲೇಜಿಗೆ. ಇಬ್ಬರೂ ಇಪ್ಪತ್ತೆರಡು ವರ್ಷ ಬಾಯಿ ಬಿಟ್ಟಿರಲಿಲ್ಲ.

ಮದುವೆಯ ಮಾತುಕತೆಯ ದಿನ ಹುಡುಗಿಯ ಅಣ್ಣ, ಅಂದರೆ ಈಗಿನ ಭಾವ, "ಓದು ಎಲ್ಲೀವರೆಗೆ ಆಯ್ತು?" ಎಂದು ಕೇಳಿದ್ದ. "ಬಿ.ಎ. ಮುಗೀತು" ಎಂದಿದ್ದ ಲಿಫ್ಟಣ್ಣ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಿಜ್ಞಾನದ ಒಂದು ಪೇಪರು ಮೂರು ಸಲ ಕೈಕೊಟ್ಟ ಮೇಲೆ ಅವನ ಪಾಲಿಗೆ ಬಿ.ಎ. ನಿಜಕ್ಕೂ ಮುಗಿದೇ ಹೋಗಿತ್ತು. ಕೇಳಿಸಿಕೊಂಡವರು ಅದನ್ನು ಬೇರೆ ರೀತಿ ತಿಳಿದುಕೊಂಡರೆ ಅವನೇನು ಮಾಡಲಾದೀತು? ಭಾವ ಮಾತ್ರ ಅಂದಿನಿಂದ ಇಂದಿನವರೆಗೆ ಸಿಕ್ಕಸಿಕ್ಕವರಿಗೆಲ್ಲ "ನಮ್ಮ ತಂಗಿ ಗಂಡ ಗ್ರಾಜುಯೇಟು. ಏನೋ ಸರಳ ಮನುಷ್ಯ, ಲಿಫ್ಟ್ ನಡೆಸ್ತಾರೆ" ಎಂದು ಹೇಳಿಕೊಂಡು ಬಂದಿದ್ದ.

ಲಿಫ್ಟಣ್ಣ ಕೆಲಸ ಮಾಡುತ್ತಿದ್ದದ್ದು ಆರು ಮಹಡಿಯ ಸರ್ಕಾರಿ ಕಟ್ಟಡದಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಆ ಡಬ್ಬಿಯೊಳಗೆ ಹೊಕ್ಕರೆ ಸಂಜೆ ಐದಕ್ಕೆ ಹೊರಗೆ. ಅಷ್ಟರಲ್ಲಿ ಹೊರಗೆ ಬಿಸಿಲು ಬಂತೋ ಮಳೆ ಬಂತೋ ಎಂಬುದನ್ನು ಅವನು ಒಳಗೆ ಬರುವವರ ಬೂಟು ನೋಡಿ ತಿಳಿಯುತ್ತಿದ್ದ. ಹೀಗಿರಲು, ಲಿಫ್ಟಿನ ಗುಂಡಿಯನ್ನು ಜನರೇ ಒತ್ತಿಕೊಳ್ಳಬಲ್ಲರು ಎಂಬ ಸತ್ಯ ಮೇಲಿನವರಿಗೆ ಒಂದು ದಿನ ಹೊಳೆಯಿತು. ಲಿಫ್ಟಣ್ಣನ ಹುದ್ದೆ ರದ್ದು. ಪದವೀಧರನಾಗಿದ್ದರೆ ಮೂರನೆಯ ಮಹಡಿಯ ದಾಖಲೆ ಕೋಣೆಯಲ್ಲಿ ಸಹಾಯಕನ ಕೆಲಸ. ಎರಡು ತಿಂಗಳೊಳಗೆ ಪದವಿ ಪತ್ರ ತೋರಿಸಬೇಕು, ಅಲ್ಲಿಯವರೆಗೆ ಲಿಫ್ಟಿನಲ್ಲೇ.

"ನಿಮಗೇನ್ರೀ ಯೋಚನೆ? ಪೆಟ್ಟಿಗೇಲಿ ಇರುತ್ತಲ್ಲ, ತೆಗೆದುಕೊಂಡು ಹೋಗಿ ಕೊಟ್ರಾಯ್ತು" ಎಂದಳು ಹೆಂಡತಿ.

"ಹೌದೌದು, ಕೊಟ್ರಾಯ್ತು" ಎಂದ ಲಿಫ್ಟಣ್ಣನ ಎದೆ ಲಿಫ್ಟಿನ ಹಗ್ಗ ಕಡಿದಂತೆ ಧಸಕ್ಕೆಂದಿತು.

ಹಳೆಯ ಕಾಲೇಜಿಗೆ ಫೋನು ಮಾಡಿದ. ಅವನ ಅದೃಷ್ಟಕ್ಕೆ ಕಾಲೇಜು ಆನ್‌ಲೈನ್ ಆಗಿತ್ತು. ಬಾಕಿ ಉಳಿದ ವಿಜ್ಞಾನದ ಪೇಪರಿಗೆ ಬದಲಾಗಿ ಆರು ವಾರದ ಯಾವುದಾದರೂ ವಿಜ್ಞಾನ ಕೋರ್ಸು ಮುಗಿಸಿದರೆ ಸಾಕು. ಸೀಟು ಉಳಿದಿದ್ದದ್ದು ಒಂದರಲ್ಲೇ, ಹವಾಮಾನ ಶಾಸ್ತ್ರ. ಹಗಲೆಲ್ಲ ಆಕಾಶವನ್ನೇ ಕಾಣದ ಮನುಷ್ಯ ಹೀಗೆ ಆಕಾಶದ ವಿದ್ಯಾರ್ಥಿಯಾದ. ರೋಲ್ ನಂಬರು ನಲವತ್ತೇಳು.

ಕೋರ್ಸು ಅವನು ಎಣಿಸಿದಷ್ಟು ಸುಲಭವಿರಲಿಲ್ಲ. ವಾರಕ್ಕೊಂದು ಕ್ವಿಜ್, ಹದಿನೈದು ನಿಮಿಷದ್ದು. ಲಿಫ್ಟಿನಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ನಾಲ್ಕನೆಯ ಮಹಡಿಯಲ್ಲಿ ಮಾತ್ರ. ಆದ್ದರಿಂದ ಪ್ರತಿ ಸೋಮವಾರ ಹನ್ನೊಂದರಿಂದ ಹನ್ನೊಂದೂಕಾಲರವರೆಗೆ ಲಿಫ್ಟು ನಾಲ್ಕನೆಯ ಮಹಡಿಯಲ್ಲಿ ಕೆಟ್ಟು ನಿಲ್ಲತೊಡಗಿತು. ಆ ಮಹಡಿಯಲ್ಲಿದ್ದ ನೀರು ಸರಬರಾಜು ಇಲಾಖೆಯ ಇಂಜಿನಿಯರು ಸೋಮವಾರಗಳಂದು ಮೆಟ್ಟಿಲಿಳಿದು ಟೀ ಕುಡಿಯಲು ಹೋಗಿ, ತಮ್ಮ ಆರೋಗ್ಯ ಸುಧಾರಿಸಿದೆ ಎಂದು ಎಲ್ಲರಿಗೂ ಹೇಳಿಕೊಂಡರು. ಇನ್ನು ಚರ್ಚಾ ವೇದಿಕೆ. ಸಹಪಾಠಿಗಳಲ್ಲಿ ಇಬ್ಬರ ಬರಹಕ್ಕೆ ಪ್ರತಿಕ್ರಿಯೆ ಬರೆಯಬೇಕು. ಲಿಫ್ಟಣ್ಣ ಎಲ್ಲರಿಗೂ ಒಂದೇ ಸಮನೆ "ತುಂಬಾ ಒಳ್ಳೆಯ ವಿಚಾರ, ಹೀಗೇ ಮುಂದುವರಿಯಲಿ" ಎಂದು ಬರೆದ. ಚಂಡಮಾರುತದಲ್ಲಿ ಸೂರು ಹಾರಿಹೋದವನೊಬ್ಬನಿಗೂ ಹಾಗೆಯೇ ಬರೆದನಾದ್ದರಿಂದ ಅರ್ಧ ಅಂಕ ಖೋತಾ ಆಯಿತು.

ಮೂರನೆಯ ವಾರ ದೊಡ್ಡ ಅಸೈನ್‌ಮೆಂಟು ಬಂತು. ನಲವತ್ತು ಅಂಕದ್ದು. "ಎತ್ತರದ ಒಂದು ವಸ್ತುವಿನ ಕೆಳಗೆ ನಿಂತು, ಅದರ ತುದಿಯನ್ನು ಗುರುತಾಗಿಟ್ಟುಕೊಂಡು, ಹತ್ತು ನಿಮಿಷ ಮೋಡಗಳನ್ನು ನೋಡಿ. ದಿಕ್ಕು, ವೇಗ, ಬಣ್ಣ, ಆಕಾರ ದಾಖಲಿಸಿ. ಇಪ್ಪತ್ತೊಂದು ದಿನ, ಅದೇ ಜಾಗ, ಅದೇ ಹೊತ್ತು. ಒಂದು ದಿನ ತಪ್ಪಿದರೂ ಸೊನ್ನೆ."

ಲಿಫ್ಟಣ್ಣನ ಬಡಾವಣೆಯಲ್ಲಿ ಎತ್ತರದ್ದೆಂದರೆ ಒಂದೇ, ನೀರಿನ ಟ್ಯಾಂಕು. ಎಂಟು ಕಾಲಿನ ಮೇಲೆ ಕೊಡದಂತೆ ಕೂತ ಹಳೆಯ ಸಿಮೆಂಟ್ ಟ್ಯಾಂಕು. ಅದರ ಪಶ್ಚಿಮಕ್ಕೊಂದು ಬೀದಿ, ಪೂರ್ವಕ್ಕೊಂದು ಬೀದಿ. ಲಿಫ್ಟಣ್ಣನ ಮನೆ ಪಶ್ಚಿಮ ಬೀದಿಯಲ್ಲಿ, ಭಾವನದು ಪೂರ್ವ ಬೀದಿಯಲ್ಲಿ. ಮಾರನೆಯ ದಿನ ಬೆಳಿಗ್ಗೆ ಎಂಟು ಹತ್ತಕ್ಕೆ ಲಿಫ್ಟಣ್ಣ ಕೆಲಸಕ್ಕೆ ಹೋಗುವ ದಾರಿಯಲ್ಲಿ ಟ್ಯಾಂಕಿನ ಕೆಳಗೆ ನಿಂತು, ಕತ್ತೆತ್ತಿ, ಹತ್ತು ನಿಮಿಷ ಮೇಲೆ ನೋಡಿ, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. ಮರುದಿನವೂ. ಅದರ ಮರುದಿನವೂ.

ವಾರದಲ್ಲಿ ಕತ್ತು ಹಿಡಿದುಕೊಂಡಿತು. "ಏನಾಯ್ತ್ರೀ?" ಎಂದು ಹೆಂಡತಿ ಕೇಳಿದರೆ, "ಆರನೇ ಮಹಡಿಯವರನ್ನ ತಲೆಯೆತ್ತಿ ಮಾತಾಡಿಸಬೇಕಲ್ಲ" ಎಂದ. ಪಾಪ, ಅವಳು ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ಕತ್ತಿಗೆ ತಿಕ್ಕಿದಳು.

ಟ್ಯಾಂಕಿನ ಬುಡದಲ್ಲೇ ಇಸ್ತ್ರಿ ಅಂಗಡಿ. ಒಂಬತ್ತನೆಯ ದಿನ, ಮೋಡ ನೋಡಿದ ಮೇಲೆ ಮರೆತ ಊಟದ ಡಬ್ಬಿಗೆಂದು ಮನೆಗೆ ಮರಳಿದವನ ಮುದುಡಿದ ಅಂಗಿಯನ್ನು ಹೆಂಡತಿ ಬದಲಿಸಿ ಇಸ್ತ್ರಿಗೆ ಕೊಟ್ಟಳು. ಅದರ ಜೇಬಿನಲ್ಲಿ ಆ ಪುಟ್ಟ ಪುಸ್ತಕ ಉಳಿದುಹೋಯಿತು. ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ್ದನ್ನು ಓದದೆ ಹಿಂತಿರುಗಿಸುವುದು ಇಸ್ತ್ರಿಯವನ ಪದ್ಧತಿಯಲ್ಲ. ಇಸ್ತ್ರಿಪೆಟ್ಟಿಗೆಯನ್ನು ಬೇರೊಂದು ಅಂಗಿಯ ಮೇಲೇ ಇಟ್ಟು ಪುಸ್ತಕ ಬಿಡಿಸಿದ. ಪುಟದ ಮೇಲೆ ದಪ್ಪಕ್ಷರದಲ್ಲಿ "ಟ್ಯಾಂಕು" ಎಂದಿತ್ತು. ಅದು ನಿಲ್ಲಬೇಕಾದ ಜಾಗದ ಹೆಸರು ಎಂಬುದು ಲಿಫ್ಟಣ್ಣನಿಗೆ ಗೊತ್ತು, ಇಸ್ತ್ರಿಯವನಿಗೆ ಹೇಗೆ ಗೊತ್ತಾಗಬೇಕು?

"ದಿನ 1. ಪಶ್ಚಿಮಕ್ಕೆ ನಿಧಾನ ಚಲನೆ.

ದಿನ 4. ಪಶ್ಚಿಮಕ್ಕೇ. ನಿನ್ನೆಗಿಂತ ವೇಗ ಜಾಸ್ತಿ. ಅಡಿಭಾಗ ಕಪ್ಪು.

ದಿನ 7. ಹೊಟ್ಟೆ ಉಬ್ಬಿದೆ. ಅಂಚು ಒಡೆಯುತ್ತಿದೆ.

ದಿನ 8. ಇಂದು ಅಥವಾ ನಾಳೆ ಸುರಿಯುವುದು ಖಚಿತ.

ದಿನ 9. ಸುರಿಯಲಿಲ್ಲ. ಆಶ್ಚರ್ಯ."

ಇಸ್ತ್ರಿಯವನು ಮತ್ತೊಮ್ಮೆ ಓದಿದ. ಅಂಗಿ ಸುಟ್ಟ ವಾಸನೆ ಬಂದರೂ ಅವನಿಗೆ ತಿಳಿಯಲಿಲ್ಲ. ಪಶ್ಚಿಮ ಬೀದಿಯ ಮೊದಲ ಮನೆಯಲ್ಲಿದ್ದ ನಿವೃತ್ತ ಡ್ರಿಲ್ ಮೇಷ್ಟ್ರ ಬಳಿಗೆ ಓಡಿದ. ಮೇಷ್ಟ್ರು ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು. ಗಾಬರಿಯನ್ನೂ ಸಾಲಾಗಿ ನಿಲ್ಲಿಸಬಲ್ಲರು.

"ಬರೆದವನು ಯಾರು?"

"ಲಿಫ್ಟಣ್ಣ. ದಿನಾ ಬಂದು ನಿಂತು ನೋಡಿ, ತಲೆ ಅಲ್ಲಾಡಿಸಿ, ಬರ್ಕೊಂಡು ಹೋಗ್ತಾರೆ."

"ಅವನು ಕೆಲಸ ಮಾಡೋ ಕಟ್ಟಡದಲ್ಲಿ ನೀರಿನ ಆಫೀಸಿದೆ" ಎಂದು ಮೇಷ್ಟ್ರು ನಿಧಾನವಾಗಿ ನುಡಿದರು. "ಗುಟ್ಟಾಗಿ ಕಳಿಸಿದಾರೆ. ಜನ ಹೆದರಬಾರದು ಅಂತ."

ಇಬ್ಬರೂ ಹೋಗಿ ಟ್ಯಾಂಕಿನ ಕೆಳಗೆ ನಿಂತು ಕತ್ತೆತ್ತಿದರು. ಮೇಲೆ ಮೋಡಗಳು ಸಾಲುಸಾಲಾಗಿ ಪಶ್ಚಿಮಕ್ಕೆ ಸಾಗುತ್ತಿದ್ದವು. ಓಡುವ ಮೋಡದ ಎದುರಿಗೆ ಎತ್ತರದ ಯಾವುದನ್ನೇ ನೋಡಿದರೂ ಅದೇ ವಾಲಿ ಬೀಳುತ್ತಿರುವಂತೆ ಕಾಣುತ್ತದೆ. ಇದು ಎಲ್ಲರ ಕಣ್ಣಿಗೂ ಆಗುವುದೇ. ಆದರೆ ಮೇಷ್ಟ್ರು ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಟ್ಯಾಂಕನ್ನು ತಲೆಯೆತ್ತಿ ನೋಡಿದವರಲ್ಲ.

"ಅಯ್ಯಯ್ಯೋ, ಚಲಿಸ್ತಿದೆ!" ಎಂದರು ಕಣ್ಣು ಮುಚ್ಚಿಕೊಂಡು.

"ಆದ್ರೆ ಮೇಷ್ಟ್ರೇ, ಪೂರ್ವದ ಕಡೆಗೆ ಬರೋ ಹಾಗೆ ಕಾಣ್ತಿದೆಯಲ್ಲ?"

"ಪುಸ್ತಕದಲ್ಲಿ ಪಶ್ಚಿಮ ಅಂತ ಬರೆದಿದೆ. ನಿನ್ನ ಕಣ್ಣು ದೊಡ್ಡದೋ, ಬರವಣಿಗೆ ದೊಡ್ಡದೋ?"

ಇಸ್ತ್ರಿಯವನು ತನ್ನ ಕಣ್ಣು ಚಿಕ್ಕದೆಂದು ಒಪ್ಪಿಕೊಂಡ.

ಪುಸ್ತಕವನ್ನು ನಕಲು ಮಾಡಿಕೊಂಡು ಮತ್ತೆ ಜೇಬಿಗೆ ಸೇರಿಸಲಾಯಿತು. ಸಂಜೆ ಲಿಫ್ಟಣ್ಣ ಮನೆಗೆ ಬರುವಾಗ ಬೀದಿಯ ಬಾಗಿಲಿಗೊಬ್ಬರಂತೆ ನಿಂತಿದ್ದರು.

ಮೇಷ್ಟ್ರು ದನಿ ತಗ್ಗಿಸಿ ಕೇಳಿದರು: "ಏನಪ್ಪಾ, ದಿನಾ ಬೆಳಿಗ್ಗೆ ಅಲ್ಲಿ ನಿಂತು ಏನು ನೋಡ್ತೀಯ?"

ಲಿಫ್ಟಣ್ಣ ಬೆವತುಹೋದ. ಹೆಂಡತಿ ಹೊಸ್ತಿಲಲ್ಲೇ ನಿಂತಿದ್ದಾಳೆ. ಕೋರ್ಸು ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಬಿ.ಎ. ಹೊರಬೀಳುತ್ತದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ಅದು... ಆಫೀಸಿನ ವಿಷಯ, ಮೇಷ್ಟ್ರೇ. ಈಗಲೇ ಹೇಳೋ ಹಾಗಿಲ್ಲ."

"ಎಷ್ಟು ದಿನ ಇದೆ?"

ಅಸೈನ್‌ಮೆಂಟು ಮುಗಿಯಲು ಎಷ್ಟು ದಿನ ಎಂದು ಲೆಕ್ಕ ಹಾಕಿ ಲಿಫ್ಟಣ್ಣ ಪ್ರಾಮಾಣಿಕವಾಗಿ ಹೇಳಿದ: "ಇನ್ನು ಹನ್ನೆರಡು ದಿನ. ಅಲ್ಲಿಗೆ ಎಲ್ಲ ಮುಗಿಯುತ್ತೆ."

ಮಾರನೆಯ ದಿನ ಪಶ್ಚಿಮ ಬೀದಿ ಖಾಲಿಯಾಗತೊಡಗಿತು. ಹಾಸಿಗೆ, ಪಾತ್ರೆ, ಕನ್ನಡಿ, ಹೊಲಿಗೆ ಯಂತ್ರಗಳು ಟ್ಯಾಂಕಿನಿಂದ ದೂರ ಸುತ್ತುಬಳಸಿ ಪೂರ್ವ ಬೀದಿ ಸೇರಿದವು. ಪೂರ್ವದವರು ಮೊದಲ ದಿನ ಕಣ್ಣೊರೆಸಿ ಬರಮಾಡಿಕೊಂಡರು. ಎರಡನೆಯ ದಿನ "ಎಷ್ಟು ದಿನ ಇರ್ತೀರಿ?" ಎಂದು ಕೇಳಿದರು. ಮೂರನೆಯ ದಿನ, ಪೂರ್ವ ದಿಕ್ಕಿನಲ್ಲಿ ಮನೆ ಕಟ್ಟುವುದಕ್ಕೆ ಮುಂದಾಲೋಚನೆ ಬೇಕೆಂದೂ ಅದು ಎಲ್ಲರಿಗೂ ಇರುವುದಿಲ್ಲವೆಂದೂ ಮಾತಾಡಿಕೊಂಡರು. ಲಿಫ್ಟಣ್ಣನ ಹೆಂಡತಿಯೂ ಗಂಟುಮೂಟೆ ಕಟ್ಟಿ ಗಂಡನನ್ನು ಎಳೆದುಕೊಂಡು ಅಣ್ಣನ ಮನೆಗೆ ಹೋದಳು. "ಟ್ಯಾಂಕಿಗೇನೂ ಆಗಿಲ್ಲ ಕಣೇ" ಎಂದು ಲಿಫ್ಟಣ್ಣ ಅಂದರೆ, "ಆಫೀಸಿನ ಗುಟ್ಟು ಬಿಟ್ಟುಕೊಡಬಾರದು ಅಂತ ಹೀಗೆ ಹೇಳ್ತೀರಿ, ನಂಗೆ ಗೊತ್ತಿಲ್ವಾ?" ಎಂದಳು.

ಭಾವನಂತೂ ಜಂಬದಿಂದ ಉಬ್ಬಿಹೋಗಿದ್ದ. "ಗ್ರಾಜುಯೇಟ್ ಅಂದ್ರೆ ಸುಮ್ನೆ ಅಲ್ಲ. ಇಡೀ ಟ್ಯಾಂಕಿನ ಜವಾಬ್ದಾರಿ ನಮ್ಮ ಭಾವನೋರ ತಲೆ ಮೇಲೆ ಹಾಕಿದಾರೆ!"

ಇತ್ತ ಡ್ರಿಲ್ ಮೇಷ್ಟ್ರು ನೂರ ನಲವತ್ತು ಸಹಿ ಮಾಡಿಸಿ, ಪುಸ್ತಕದ ನಕಲನ್ನು ಲಗತ್ತಿಸಿ, ಮನವಿ ಹಿಡಿದು ಕಟ್ಟಡಕ್ಕೆ ಬಂದರು. ಅವರನ್ನು ನಾಲ್ಕನೆಯ ಮಹಡಿಗೆ ಕರೆದೊಯ್ದವನು ಲಿಫ್ಟಣ್ಣನೇ. ಮೇಷ್ಟ್ರು ಲಿಫ್ಟಿನಲ್ಲಿ ಅವನತ್ತ ಕಣ್ಣು ಮಿಟುಕಿಸಿದರು. ಲಿಫ್ಟಣ್ಣನೂ ಮರ್ಯಾದೆಗೆ ಮಿಟುಕಿಸಿದ. ಆಮೇಲೆ ಆ ಮನವಿ ಫೈಲಾಗಿ ನಾಲ್ಕರಿಂದ ಐದಕ್ಕೆ, ಐದರಿಂದ ಆರಕ್ಕೆ, ಆರರಿಂದ "ಪರಿಶೀಲಿಸಿ" ಎಂಬ ಷರಾ ಹೊತ್ತು ಮತ್ತೆ ನಾಲ್ಕಕ್ಕೆ ಓಡಾಡಿತು. ಅಷ್ಟು ಸಲವೂ ಅದನ್ನು ಜೋಪಾನವಾಗಿ ಹತ್ತಿಸಿ ಇಳಿಸಿದವನು, ಅದರೊಳಗೆ ತನ್ನದೇ ಹಸ್ತಾಕ್ಷರವಿದೆ ಎಂದರಿಯದ ಲಿಫ್ಟಣ್ಣ.

ಹದಿನಾರನೆಯ ದಿನ ಇಂಜಿನಿಯರು ಸ್ಥಳ ಪರಿಶೀಲನೆಗೆ ಬಂದರು. ಕೈಯಲ್ಲಿ ಅಳತೆ ಪಟ್ಟಿ, ತಲೆಗೆ ಹಳದಿ ಟೋಪಿ. ಕಾಲುಗಳನ್ನು ಬಡಿದು ನೋಡಿ, "ಏನೂ ಆಗಿಲ್ಲ, ಗಟ್ಟಿಯಾಗಿದೆ" ಎಂದರು.

"ವಾಲಿಲ್ಲ ಅಂತ ಹೇಗೆ ಹೇಳ್ತೀರಿ ಸಾರ್? ಮುಂಚೆ ಎಲ್ಲಿತ್ತು ಅಂತ ಅಳತೆ ಇದೆಯಾ?" ಮೇಷ್ಟ್ರು ಕೇಳಿದರು.

ಇಂಜಿನಿಯರು ಯೋಚಿಸಿದರು. ಅಳತೆ ಇರಲಿಲ್ಲ. ಟ್ಯಾಂಕು ಕಟ್ಟಿದ ಕಾಲದ ಕಾಗದಪತ್ರಗಳನ್ನು ಗೆದ್ದಲು ಪರಿಶೀಲಿಸಿ ಮುಗಿಸಿತ್ತು.

"ಮೇಲೆ ನೋಡಿ ಸಾರ್, ಒಂದೇ ಒಂದು ನಿಮಿಷ."

ಇಂಜಿನಿಯರು ತಲೆಯೆತ್ತಿದರು. ಹತ್ತು ಸೆಕೆಂಡು ನೋಡಿದರು. ಟೋಪಿ ಬಿತ್ತು. ಹಿಂದೆಯೇ ಇಂಜಿನಿಯರೂ ನೆಲದ ಮೇಲೆ ಕುಕ್ಕರಿಸಿದರು. ಇಸ್ತ್ರಿಯವನು ನೀರು ಕುಡಿಸಿದ.

ಅಂದೇ ಆಜ್ಞೆ ಹೊರಟಿತು: ಟ್ಯಾಂಕು ಖಾಲಿ ಮಾಡತಕ್ಕದ್ದು, ಸುತ್ತ ಬೇಲಿ ಹಾಕತಕ್ಕದ್ದು, ಯಾರೂ ಒಳಗೆ ಹೋಗತಕ್ಕದ್ದಲ್ಲ. ಎರಡೂ ಬೀದಿಯ ನಲ್ಲಿಗಳು ಒಮ್ಮೆ ಕೆಮ್ಮಿ ಸುಮ್ಮನಾದವು.

ಲಿಫ್ಟಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಜನರ ಬವಣೆಗಲ್ಲ, ಹದಿನೇಳನೆಯ ದಿನದ ಅವಲೋಕನಕ್ಕೆ. ಅದೇ ಜಾಗ, ಅದೇ ಹೊತ್ತು, ತಪ್ಪಿದರೆ ಸೊನ್ನೆ! ನಿಜ ಹೇಳಿಬಿಡೋಣವೆಂದು ಅಂದು ಇಂಜಿನಿಯರ ಮುಂದೆ ನಿಂತ.

"ಸಾರ್, ಒಂದು ಮಾತು. ಆ ಪುಸ್ತಕ ನಂದು. ಅದರಲ್ಲಿ ಇರೋದು ಟ್ಯಾಂಕಲ್ಲ..."

"ಶ್!" ಎಂದರು ಇಂಜಿನಿಯರು. "ಫೈಲು ಆರನೇ ಮಹಡಿ ತನಕ ಹೋಗಿದೆ. ನಾನೂ ಕಣ್ಣಾರೆ ಕಂಡೆ ಅಂತ ಬರೆದುಬಿಟ್ಟಿದೀನಿ. ಈಗ ಅದು ಟ್ಯಾಂಕಲ್ಲ ಅಂದ್ರೆ ನಾನು ಇಂಜಿನಿಯರಲ್ಲ ಅಂತಾಗುತ್ತೆ. ನಿಮಗೇನು ಬೇಕು ಹೇಳ್ರೀ."

"ದಿನಾ ಹತ್ತು ನಿಮಿಷ ಬೇಲಿಯೊಳಗೆ ಬಿಡಿ ಸಾರ್. ಸಾಕು."

ಇಂಜಿನಿಯರು ಅವನನ್ನು ಬಹಳ ಹೊತ್ತು ನೋಡಿ, ಕೈ ಕುಲುಕಿ, ತಮ್ಮ ಹಳದಿ ಟೋಪಿ ತೆಗೆದು ಅವನ ತಲೆಗಿಟ್ಟರು.

ಮಾರನೆಯ ದಿನದಿಂದ ಬೆಳಿಗ್ಗೆ ಎಂಟು ಹತ್ತಕ್ಕೆ ಬೇಲಿಯ ಹೊರಗೆ ಜನ ಸೇರತೊಡಗಿತು. ಬೀಳುವ ಟ್ಯಾಂಕಿನಡಿಗೆ ಒಬ್ಬನೇ ನಡೆದುಹೋಗಿ, ಹತ್ತು ನಿಮಿಷ ಅಲ್ಲಾಡದೆ ನಿಂತು, ಬರೆದುಕೊಂಡು ಬರುವ ಧೀರನನ್ನು ನೋಡಿ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಹೊರಗೆ ಬಂದಾಗ ಚಪ್ಪಾಳೆ. "ಇವತ್ತು ಹೇಗಿದೆ?" ಎಂದು ಯಾರಾದರೂ ಕೇಳಿದರೆ, ಮೋಡದ ಗುಂಗಿನಲ್ಲಿದ್ದ ಲಿಫ್ಟಣ್ಣ, "ದಟ್ಟವಾಗ್ತಿದೆ" ಎಂದುಬಿಡುತ್ತಿದ್ದ. ಜನ ನಿಟ್ಟುಸಿರುಬಿಟ್ಟು ಕೊಡ ಹಿಡಿದು ನೀರಿನ ಲಾರಿಯ ಸಾಲಿಗೆ ಹೋಗುತ್ತಿದ್ದರು.

ಇಪ್ಪತ್ತೊಂದನೆಯ ದಿನ ಬಂತು. ಅಂದೇ "ಎಲ್ಲ ಮುಗಿಯುವ" ದಿನವೆಂದು ಲಿಫ್ಟಣ್ಣ ತಾನೇ ಹೇಳಿದ್ದನಲ್ಲ, ಎರಡೂ ಬೀದಿಯವರು ಬೇಲಿಯ ಹೊರಗೆ ನೆರೆದಿದ್ದರು. ಇಂಜಿನಿಯರು ಮೈಕು ತರಿಸಿದ್ದರು. ಅದೇ ದಿನ, ಅದೇ ಹೊತ್ತಿಗೆ ಕೋರ್ಸಿನ ಕೊನೆಯ ಪರೀಕ್ಷೆ, ಪ್ರೊಫೆಸರ್ ಮೇಡಂ ಫೋನಿನಲ್ಲಿ ನಡೆಸುವ ಮೌಖಿಕ. ಲಿಫ್ಟಣ್ಣ ಬೇಲಿಯೊಳಗೆ ಒಬ್ಬನೇ ಇರುತ್ತೇನೆ, ಹೇಗೋ ಪಿಸುಗುಟ್ಟಿ ಮುಗಿಸುತ್ತೇನೆ ಎಂದುಕೊಂಡಿದ್ದ. ಆದರೆ ಫೋನು ರಿಂಗಾದಾಗ ಮೈಕು ಸರಿ ಮಾಡಲು ಒಳಗೆ ಬಂದಿದ್ದ ಡ್ರಿಲ್ ಮೇಷ್ಟ್ರು ಪಕ್ಕದಲ್ಲೇ ಇದ್ದರು.

"ಯಾರಪ್ಪಾ?"

"ಅದು... ಮೇಡಂ. ನನ್ನ... ಮೇಲಿನವರು."

"ಮೇಲಿನವರಾ! ಎಲ್ರಿಗೂ ಕೇಳ್ಲಿ" ಎಂದು ಮೇಷ್ಟ್ರು ಫೋನು ಕಿತ್ತುಕೊಂಡು ಗುಂಡಿಯೊತ್ತಿ ಮೈಕಿಗೆ ಹಿಡಿದರು.

"ರೋಲ್ ನಂಬರ್ ನಲವತ್ತೇಳು, ಕೇಳಿಸ್ತಿದೆಯಾ?" ಎಂಬ ಹೆಣ್ಣುದನಿ ಬಡಾವಣೆಯ ಮೇಲೆಲ್ಲ ಗುಡುಗಿತು.

"ಕೇಳಿಸ್ತಿದೆ!" ಎಂದರು ಜನ.

"ಎಷ್ಟು ಜೋರಾಗಿ ಹೇಳ್ತೀರಿ! ಇರ್ಲಿ. ನಿನ್ನೆವರೆಗೆ ನೀವು ಕಳಿಸಿದ ದಾಖಲೆ ನೋಡಿದೆ. ಒಂದು ದಿನಾನೂ ತಪ್ಪಿಸದೆ ಮಾಡಿದೀರಿ. ಬೇರೆ ಯಾರೂ ಹೀಗೆ ಮಾಡಿಲ್ಲ. ಸಂತೋಷ."

ಚಪ್ಪಾಳೆ. ಭಾವ ಹಿಂದಕ್ಕೆ ತಿರುಗಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ.

"ಆದ್ರೆ ದಿಕ್ಕು ಪೂರ್ತಿ ತಪ್ಪು. ಪಶ್ಚಿಮ ಅಂತ ಬರೆದಿದೀರಿ. ಅದು ಪೂರ್ವ. ಅಷ್ಟು ದಿನಾನೂ ಪೂರ್ವ!"

ಎಲ್ಲರೂ ಒಟ್ಟಿಗೆ ತಲೆಯೆತ್ತಿದರು. ಮೋಡಗಳು ಪಶ್ಚಿಮಕ್ಕೆ ಓಡುತ್ತಿದ್ದವು. ಟ್ಯಾಂಕು ಕಣ್ಣೆದುರೇ ಪೂರ್ವಕ್ಕೆ ಬಾಗಿ ಬರುತ್ತಿತ್ತು.

"ನಾನು ಅವತ್ತೇ ಹೇಳ್ಲಿಲ್ವಾ!" ಎಂದು ಇಸ್ತ್ರಿಯವನು ಕಿರುಚಿದ.

ಪೂರ್ವ ಬೀದಿಯವರು ದಿಕ್ಕಾಪಾಲಾಗಿ ಓಡಿದರು. ಅವರಿಗಿಂತ ವೇಗವಾಗಿ ಪಶ್ಚಿಮದವರು ತಮ್ಮ ಖಾಲಿ ಮನೆಗಳಿಗೆ ಓಡಿ ಬಾಗಿಲು ಹಾಕಿಕೊಂಡು, ಕಿಟಕಿಯಿಂದ "ಎಷ್ಟು ದಿನ ಇರ್ತೀರಿ?" ಎಂದು ಕೇಳತೊಡಗಿದರು. ಭಾವ ಬೇಲಿ ಹಿಡಿದು ಅಲುಗಿಸಿದ. "ಭಾವನೋರೇ, ಮೊನ್ನೆ ತಾನೇ ಮಹಡಿಗೆ ಬಣ್ಣ ಹೊಡೆಸಿದೀನಿ! ಪಶ್ಚಿಮ ಅಂತಾನೇ ಇರ್ಲಿ ಅಂತ ಮೇಡಂಗೆ ಒಂದು ಮಾತು ಹೇಳಿ!"

ಇಂಜಿನಿಯರು ಮೈಕಿನತ್ತ ಬಾಗಿ, "ಮೇಡಂ, ಬೀಳೋದಕ್ಕೆ ಇನ್ನೆಷ್ಟು ಹೊತ್ತಿದೆ?" ಎಂದು ಕೇಳಿದರು.

ತನ್ನ ವಿದ್ಯಾರ್ಥಿಯೇ ಮಳೆಯ ಬಗ್ಗೆ ಕೇಳುತ್ತಿದ್ದಾನೆಂದು ತಿಳಿದ ಮೇಡಂ ಹೇಳಿದರು: "ಯಾವಾಗ ಬೇಕಾದ್ರೂ ಬೀಳ್ಬಹುದು. ಇನ್ನರ್ಧ ಗಂಟೇಲಿ ಅಂತ ನನ್ನ ಅಂದಾಜು."

"ಅಯ್ಯೋ! ಬಿದ್ರೆ ಎಷ್ಟು ಬೀಳುತ್ತೆ?"

"ಎರಡು ಸೆಂಟಿಮೀಟರ್."

ಇಂಜಿನಿಯರು ಪೆನ್ನು ಹಿಡಿದು ಬೆಪ್ಪಾದರು. "ಎರಡು ಸೆಂಟಿಮೀಟರ್ ಬಿದ್ರೆ, ಅದನ್ನ ಬಿದ್ದಿದ್ದು ಅಂತ ದಾಖಲು ಮಾಡ್ಬೇಕೋ ಬೇಡ್ವೋ?"

"ನೀವ್ಯಾರು?" ಮೇಡಂ ದನಿ ಬಿಗಿಯಾಯಿತು. "ಇದು ಪರೀಕ್ಷೆ. ಪಕ್ಕದಲ್ಲಿ ಇನ್ನೊಬ್ರು ಇರೋ ಹಾಗಿಲ್ಲ. ಉತ್ತರ ಹೇಳ್ಕೊಡ್ತಿದ್ರೆ ನಲವತ್ತೇಳು ಇಲ್ಲೇ ಫೇಲು."

"ಪರೀಕ್ಷೆ?" ಎಂದರು ಇಂಜಿನಿಯರು. "ಪರೀಕ್ಷೆ?" ಎಂದರು ಮೇಷ್ಟ್ರು. ಅಷ್ಟರಲ್ಲಿ ಬೇಲಿ ಸರಿಸಿಕೊಂಡು ಲಿಫ್ಟಣ್ಣನ ಹೆಂಡತಿ ಒಳಗೆ ಬಂದಳು. ಮೇಷ್ಟ್ರ ಕೈಯಿಂದ ಫೋನು ತೆಗೆದುಕೊಂಡಳು. ಅವಳ ಮುಖ ನೋಡಿ ಮೇಷ್ಟ್ರು ಮೂವತ್ತು ವರ್ಷದಲ್ಲಿ ಮೊದಲ ಸಲ ತಾವೇ ಸಾಲಿನಲ್ಲಿ ನಿಂತರು.

"ಮೇಡಂ, ನಾನು ನಲವತ್ತೇಳರ ಹೆಂಡತಿ. ಇವರು ನಿಮ್ಮ ಹತ್ರ ಏನು ಮಾಡ್ತಿದಾರೆ?"

"ಹವಾಮಾನ ಓದ್ತಿದಾರಮ್ಮ. ಬಿ.ಎ.ಗೆ ಒಂದು ಪೇಪರ್ ಬಾಕಿ ಇತ್ತಂತೆ. ಮೋಡ ನೋಡಿ ಬರೆಯೋ ಅಸೈನ್‌ಮೆಂಟು. ಗಾಳಿಗೆ ಬರೋ ದಿಕ್ಕಿನ ಹೆಸರಿಡ್ಬೇಕು. ಇವರು ಹೋಗೋ ದಿಕ್ಕು ಬರೆದಿದಾರೆ."

ಮೈಕು ಎಲ್ಲವನ್ನೂ ಎರಡೂ ಬೀದಿಗೆ ಚಾಚೂ ತಪ್ಪದೆ ತಲುಪಿಸಿತು. ಓಡುತ್ತಿದ್ದವರು ನಿಂತರು. ಮುಚ್ಚಿದ ಬಾಗಿಲುಗಳು ತೆರೆದವು. ತಲೆಯ ಮೇಲೆ ಹಾಸಿಗೆ ಹೊತ್ತವರು, ಕನ್ನಡಿ ಹಿಡಿದವರು ಒಬ್ಬೊಬ್ಬರಾಗಿ ಹಿಂದಿರುಗಿ ಬೇಲಿಯ ಸುತ್ತ ಕೂಡಿದರು.

"ಬಿ.ಎ. ಮುಗೀತು ಅಂದಿದ್ರಿ!" ಎಂದ ಭಾವ, ಅಳುವಂತೆ.

"ಮುಗಿದೇ ಹೋಗಿತ್ತು ಭಾವ. ಈಗ ಮತ್ತೆ ಶುರುವಾಗಿದೆ."

"ಹಾಗಾದ್ರೆ ಟ್ಯಾಂಕು?" ಮೇಷ್ಟ್ರು ಕೇಳಿದರು.

"ಟ್ಯಾಂಕಿಗೇನೂ ಆಗಿಲ್ಲ ಮೇಷ್ಟ್ರೇ. ನಾನು ಮೋಡ ನೋಡ್ತಿದ್ದೆ."

"ಐದು ದಿನದಿಂದ ಸ್ನಾನ ಇಲ್ಲ ನಮಗೆ!" ಎಂದು ಒಂದು ದನಿ ಎದ್ದಿತು. "ನಮ್ಮ ಬೀರು ಒಡೀತು!" ಎಂದು ಇನ್ನೊಂದು. ಕೊಡಗಳು ಮೇಲೆದ್ದವು. ಬೇಲಿ ಕಿರುಗುಟ್ಟಿತು. ಲಿಫ್ಟಣ್ಣ ಕಾಲಿಗೆ ಬುದ್ಧಿ ಹೇಳೋಣವೆಂದರೆ ನಾಲ್ಕೂ ಕಡೆ ಜನ.

ಆಗ ಮೈಕಿನಲ್ಲಿ ಮೇಡಂ ಗಂಟಲು ಸರಿಪಡಿಸಿಕೊಂಡರು. "ಅಲ್ಲೇನು ಗಲಾಟೆ? ಇನ್ನೊಂದು ಪ್ರಶ್ನೆ ಬಾಕಿ ಇದೆ. ನಲವತ್ತೇಳು, ಓಡೋ ಮೋಡದ ಕೆಳಗೆ ನಿಂತ ಕಂಬ ಬೀಳೋ ಹಾಗೆ ಕಾಣುತ್ತಲ್ಲ, ಯಾಕೆ? ಹತ್ತು ಅಂಕ."

ಜನ ಕೊಡ ಎತ್ತಿದ್ದಂತೆಯೇ ನಿಂತರು. ಇದರ ಉತ್ತರ ಎಲ್ಲರಿಗೂ ಬೇಕಾಗಿತ್ತು. ಇಂಜಿನಿಯರಿಗಂತೂ ತುರ್ತಾಗಿ ಬೇಕಾಗಿತ್ತು.

ಲಿಫ್ಟಣ್ಣನಿಗೆ ಪುಸ್ತಕದ ಒಂದು ಸಾಲೂ ನೆನಪಿಗೆ ಬರಲಿಲ್ಲ. ಕತ್ತಿನ ಹಿಂದೆ ಕೈಯಿಟ್ಟುಕೊಂಡು ನಿಂತ. ಆಮೇಲೆ ತನಗೆ ಗೊತ್ತಿದ್ದ ಮಾತನ್ನೇ ಆಡಿದ.

"ಮೇಡಂ, ನಾನು ಇಪ್ಪತ್ತು ವರ್ಷದಿಂದ ಲಿಫ್ಟ್ ನಡೆಸ್ತೀನಿ. ಜಾಲರಿ ಬಾಗಿಲಲ್ಲಿ ನೋಡ್ತಿದ್ರೆ, ನಾವು ಕೆಳಗೆ ಹೋಗ್ತಿರುವಾಗ ಮಹಡಿಗಳು ಮೇಲಕ್ಕೆ ಹೋದ ಹಾಗೆ ಕಾಣುತ್ತೆ. ಹೊಸಬರು ಹೆದರಿ ಕಂಬಿ ಹಿಡ್ಕೋತಾರೆ. ಮಹಡಿ ಎಲ್ಲಿಗೂ ಹೋಗಿರಲ್ಲ. ಇಲ್ಲೂ ಅಷ್ಟೇ. ಕಣ್ಣು ತುಂಬ ಮೋಡ ಇರುತ್ತೆ, ಮೋಡಾನೇ ನೆಲ ಅಂತ ಕಣ್ಣು ನಂಬಿಬಿಡುತ್ತೆ. ಹೋಗ್ತಿರೋದು ಅದು, ಬೀಳ್ತಿದೆ ಅನ್ನಿಸೋದು ಪಾಪ, ಸುಮ್ನೆ ನಿಂತಿರೋ ಟ್ಯಾಂಕು."



"ಹತ್ತಕ್ಕೆ ಹತ್ತು" ಎಂದರು ಮೇಡಂ. "ಈ ಉತ್ತರ ನಾನು ಮುಂದಿನ ವರ್ಷ ಪಾಠದಲ್ಲಿ ಹೇಳ್ತೀನಿ."

ಜನ ಮತ್ತೊಮ್ಮೆ ತಲೆಯೆತ್ತಿದರು. ಈ ಸಲ ಟ್ಯಾಂಕು ಅಲ್ಲಾಡಲಿಲ್ಲ, ಮೋಡ ಹೊರಟಿತು. ಇಸ್ತ್ರಿಯವನು "ಹೌದಲ್ವಾ!" ಎಂದ. ನೋಡುತ್ತಿದ್ದಂತೆಯೇ ಅವನ ಹಣೆಯ ಮೇಲೆ ಒಂದು ಹನಿ ಬಿತ್ತು, ಭಾವನ ಮೂಗಿನ ಮೇಲೊಂದು. ಮರುಗಳಿಗೆ ಧೋ ಎಂದು ಸುರಿಯಿತು. ಲಿಫ್ಟಣ್ಣನ ಮೇಲೆ ಎತ್ತಿದ್ದ ಕೊಡಗಳನ್ನು ಜನ ಮಳೆಗೆ ಹಿಡಿದರು. ಮಿಕ್ಕವರು ಬೋಗುಣಿ, ಬಕೆಟ್ಟು, ತಪ್ಪಲೆ ತರಲು ಓಡಿದರು. ಐದು ದಿನದ ಸ್ನಾನ ಬಾಕಿಯಿದ್ದವರಿಗೆ ಜಗಳಕ್ಕೆ ಪುರುಸೊತ್ತಿರಲಿಲ್ಲ.

ಹೆಂಡತಿಗೆ ಮಾತ್ರ ಇತ್ತು. ಮನೆಗೆ ಬಂದು ತಲೆ ಒರೆಸಿಕೊಳ್ಳಲು ಬಟ್ಟೆ ಎಸೆದಳು. "ಇಪ್ಪತ್ತೆರಡು ವರ್ಷ ಮುಚ್ಚಿಟ್ಟಿದ್ದು ಹಾಗಿರ್ಲಿ. ಆರನೇ ಮಹಡಿಯವರಿಂದ ಕತ್ತು ನೋಯ್ತು ಅಂತ ದಿನಾ ಎಣ್ಣೆ ತಿಕ್ಕಿಸಿಕೊಂಡ್ರಲ್ಲಾ! ಆರನೇ ಮಹಡಿಯವರಿಗೆ ಎಷ್ಟು ಶಾಪ ಹಾಕಿದೀನಿ ನಾನು!"

"ಅವರಿಗೆ ಆ ಶಾಪ ಬೇಕಾಗಿತ್ತು ಬಿಡು" ಎಂದ ಲಿಫ್ಟಣ್ಣ.

ಅವಳು ನಗಬಾರದೆಂದು ತುಂಬ ಪ್ರಯತ್ನಪಟ್ಟಳು. ಆಗಲಿಲ್ಲ.

ಎರಡು ವಾರದಲ್ಲಿ ಫಲಿತಾಂಶ ಬಂತು. ದಿಕ್ಕಿನ ಅಂಕಗಳೆಲ್ಲ ಹೋಗಿ ಐವತ್ತೆರಡು. ಪಾಸು. ಭಾವ "ಎರಡು ಸಲ ಬಿ.ಎ. ಮಾಡಿದಾರೆ ನಮ್ಮ ಭಾವನೋರು" ಎಂದು ಹೇಳಿಕೊಂಡು ತಿರುಗಿದ. ಪತ್ರ ತೋರಿಸಿ ಲಿಫ್ಟಣ್ಣ ಮೂರನೆಯ ಮಹಡಿಯ ದಾಖಲೆ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ.

ಆದರೆ ಟ್ಯಾಂಕಿನ ಫೈಲು ಮುಚ್ಚಲಿಲ್ಲ. ಇಂಜಿನಿಯರು "ಟ್ಯಾಂಕು ವಾಲಿಲ್ಲ" ಎಂದು ಬರೆದು ಕಳಿಸಿದ್ದಕ್ಕೆ ಆರನೆಯ ಮಹಡಿಯಿಂದ "ಹಿಂದೆ ಕಣ್ಣಾರೆ ಕಂಡಿದ್ದೀರಿ, ಈಗ ಇಲ್ಲವೆನ್ನುತ್ತೀರಿ. ಖುದ್ದಾಗಿ ಇಪ್ಪತ್ತೊಂದು ದಿನ ವೀಕ್ಷಿಸಿ ದಿನಂಪ್ರತಿ ವರದಿ ಕೊಡತಕ್ಕದ್ದು" ಎಂದು ಷರಾ ಬಂತು. ಇಂಜಿನಿಯರು ದಿನಾ ಬೆಳಿಗ್ಗೆ ತುಂಬಿದ ಟ್ಯಾಂಕಿನ ಕೆಳಗೆ ಕತ್ತೆತ್ತಿ ನಿಂತರು. ಆರನೆಯ ದಿನ ಲಿಫ್ಟಣ್ಣನ ಮೇಜಿಗೆ ಬಂದು, ಸಂಕೋಚದಿಂದ, "ಅಲ್ಲ ಕಣ್ರೀ, ಅಲ್ಲಿ ಹತ್ತಿ ರಾಶಿ ಹಾಕಿದ ಹಾಗೆ ಒಂದು ನಿಂತಿರುತ್ತಲ್ಲ, ಅದಕ್ಕೇನಂತಾರೆ?" ಎಂದು ಕೇಳಿದರು. "ರಾಶಿಮೋಡ ಸಾರ್" ಎಂದ ಲಿಫ್ಟಣ್ಣ. ಇಂಜಿನಿಯರಿಗೆ ಎಷ್ಟು ಖುಷಿಯಾಯಿತೆಂದರೆ ಅಂದಿನ ವರದಿಯಲ್ಲಿ, "ಟ್ಯಾಂಕು ಸ್ಥಿರವಾಗಿದೆ. ಮೇಲ್ಭಾಗದಲ್ಲಿ ಒಂದು ರಾಶಿಮೋಡವಿದೆ" ಎಂದು ಬರೆದರು.

ಅದಾದ ಮೂರನೆಯ ದಿನ ಫೈಲು ಹಿಡಿದು ಏದುಸಿರು ಬಿಡುತ್ತ ಓಡಿಬಂದರು. ಆರನೆಯ ಮಹಡಿಯ ಕೆಂಪು ಶಾಯಿ ಇನ್ನೂ ಹಸಿಯಾಗಿತ್ತು: "ಸದರಿ ಮೋಡವು ಇಲಾಖೆಯ ಟ್ಯಾಂಕಿನ ಮೇಲೆ ಯಾರ ಅನುಮತಿಯಿಂದ ಇದೆ? ಕೂಡಲೇ ತೆರವುಗೊಳಿಸಿ ವರದಿ ಸಲ್ಲಿಸುವುದು."

"ಏನ್ರೀ ಮಾಡ್ಲಿ ಈಗ?"

ಲಿಫ್ಟಣ್ಣ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದ. "ಆಗ್ಲೇ ಹೋಗಿದೆ ಸಾರ್. ತೆರವುಗೊಳಿಸಲಾಗಿದೆ ಅಂತ ಬರೆದುಬಿಡಿ."

ಇಂಜಿನಿಯರು ನೆಮ್ಮದಿಯಿಂದ ಪೆನ್ನು ತೆಗೆದರು. ಬರೆಯುತ್ತ ಬರೆಯುತ್ತ ತಡೆದು, ತಲೆಯೆತ್ತಿದರು.

"ಯಾವ ದಿಕ್ಕು ಅಂತ ಹಾಕ್ಲಿ?"

"ಬಂದ ದಿಕ್ಕು ಹಾಕಿ ಸಾರ್" ಎಂದ ಲಿಫ್ಟಣ್ಣ. "ಹೋದ ದಿಕ್ಕು ಹಾಕಿದ್ರೆ ಅಲ್ಲಿಯವರು ಮನೆ ಖಾಲಿ ಮಾಡ್ತಾರೆ."